ಮಗಳಿಗೆ ಕಳಿಸಿದ ಸೀರೆ

ಸುರಪುರ
20 ಫೆಬ್ರುವರಿ 2025

ಉಮಾಗ ಮೌನಮ್ಮ ಹೇಳಿ ಬರಸಿದ್ದು.

ಯಾದಗಿರಿ ಬಸ್ಸಿನ ಕಂಡಕ್ಟರ್ ಖಾಜಾಹುಸೇನನ ಕೈಯಾಗ ರೊಟ್ಟಿ ಗಂಟು ಕೊಟ್ಟೀನಿ. ಈ ಕಾಗದ ಅದರಾಗನ ಅದ. ಅವಂಗ ಮರವು ಬಾಳ, ನೀನ ಸ್ಟ್ಯಾಂಡಿಗಿ ಹೋಗಿ ಇಸಗೊ. ಮುಟ್ಟಿತು ಅಂತ ಹೇಳಾಕ ಫೋನ್ ಮಾಡಬ್ಯಾಡ. ಫೋನಿನಾಗ ನಿನ್ನ ದನಿ ಬರ್ತದ, ಮಾತು ಬರಂಗಿಲ್ಲ. ನನ್ನ ಕಿವಿ ಹಂಗಾಗ್ಯಾವ. ನೀ ಮನಿಗಿ ಬಂದಾಗ ಒದರಿ ಒದರಿ ಮಾತಾಡೂದು ಕೇಳಿ ಓಣಿ ಮಂದಿ ಅತ್ತಿ ಸೊಸಿ ಜಗಳ ಹತ್ಯಾದ ಅಂತ ನಿಂತು ನೋಡ್ತಾರ. ಬರಿಯೂದ ಚೊಲೊ.

ವಿಷಯ ಏನಂದ್ರ, ಈ ಸಲ ಮಲ್ಲಯ್ಯನ ಪಾದಯಾತ್ರಿಗಿ ನಮ್ಮ ಮನಿಯಿಂದ ನೀ ನಡೀಬೇಕು. ಮೊದಲ ನಿಮ್ಮ ಮಾವ ನಡೀತಿದ್ರು, ಆಮ್ಯಾಲ ಅರ್ಜುನ. ನನ್ನ ಮಗ ತೀರಿಕೊಂಡ ಮ್ಯಾಲ ಈ ಮನಿಯಿಂದ ಒಬ್ಬರೂ ಶ್ರೀಶೈಲದ ದಾರಿ ತುಳದಿಲ್ಲ. ಅಲ್ಲಿ ಭ್ರಮರಾಂಬಾ ನಮ್ಮ ಕಡಿ ಹೆಣ್ಮಗಳು, ಮಲ್ಲಯ್ಯ ನಮ್ಮ ಅಳಿಯ. ಯುಗಾದಿಗಿ ಎಲ್ಲಾರ ತವರಮನಿ ಸೀರಿ ಬಂದು ನಮ್ಮದು ಬರಲಿಲ್ಲಂದ್ರ ಆಕಿ ಏನಂತ ತಿಳ್ಕೊಂಡಾಳು? ನನಗ ಹೊಟ್ಟಿಲೆ ಹುಟ್ಟಿದ ಮಗಳಿಲ್ಲ. ಇರೂ ಒಬ್ಬಾಕಿಗಿ ಇಷ್ಟು ವರ್ಷ ಬರಿಗೈ ತೋರಿಸೀನಿ.

ಗಂಡ ಇಲ್ಲದಾಕಿ ಸೀರಿ ಒಯ್ಯಬಾರದು ಅಂತ ಯಾರರ ಅಂದ್ರ, ಕಳಿಸಿದಾಕಿಗೂ ಗಂಡ ಇಲ್ಲ ಅಂತ ಹೇಳು.

ಸೀರಿ, ಬಳಿ, ಅರಿಷಿಣ, ಕುಂಕುಮ ಹಳದಿ ಅರಿವ್ಯಾಗ ಕಟ್ಟಿ ಇಟ್ಟೀನಿ. ನೀ ಬಿಚ್ಚಿ ನೋಡಬ್ಯಾಡ. ಮಗಳಿಗಿ ಕಟ್ಟಿದ್ದು ಮಗಳ ಮುಂದನ ಬಿಚ್ಚಬೇಕು. ವಯಸ್ಸಾತು ಅಂತ ನೆವ ಹೇಳಬ್ಯಾಡ. ನಲವತ್ತೆಂಟು ಒಂದು ವಯಸ್ಸೇನು? ನಾ ಈಗೂ ಗೌಹರಬೇಗಂನ್ನ ಕೂಡಿಸಿಕೊಂಡು ನಾಕು ಖಾನಾವಳಿಗಿ ರೊಟ್ಟಿ ಬಡದು ಕೊಡ್ತೀನಿ. ನೀ ಆ ಕಾಲೇಜಿನ ಲೈಬ್ರರ್‍ಯಾಗ ಕಪಾಟಿನ ನಡುವ ಕುಂತು ಕುಂತು ನೀನೂ ಒಂದು ಪುಸ್ತಕ ಆಗೀದಿ. ಯಾರೂ ಒಯ್ಯಲಾರದ ಪುಸ್ತಕ.

ಮೌನಮ್ಮ

(ಉಮಕ್ಕಾ, ಕೊನೆಯ ಮಾತು ಬರೆಯುವುದಿಲ್ಲ ಎಂದೆ. ಬರೀ ಅಂದಳು. ಬರೆದಮೇಲೆ ಓದಿಸಿ ಕೇಳಿ, ನಕ್ಕಳು. ಅಮ್ಮಿ ಗೌಹರಬೇಗಂ ಸಲಾಂ ಹೇಳಿದ್ದಾಳೆ. ಅರ್ಜುಮಂದ)


ಸೈದಾಪುರ
15 ಮಾರ್ಚ್ 2025

ಅತ್ತೆಯವರಿಗೆ ಉಮಾಳ ನಮಸ್ಕಾರ.

ಸೈದಾಪುರದ ಶಾಲೆಯೊಂದರ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಬರೆಯುತ್ತಿದ್ದೇನೆ. ಕಡೇಚೂರಿನ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬಂದ ಕೆಲಸಗಾರರು ದಾರಿಯಲ್ಲಿ ನಿಲ್ಲಿಸಿ ಮಜ್ಜಿಗೆ ಕೊಟ್ಟರು. ಒಡಿಯಾ ಮಾತಾಡುವ ಹುಡುಗನೊಬ್ಬ ನನ್ನ ಪಾದ ಮುಟ್ಟಿ ನಮಸ್ಕರಿಸಿದ. ನಾನು ಹಿಂದೆ ಸರಿದೆ. ನಡೆಯುವವರ ಪಾದ ನಡೆಯುವವರದಲ್ಲ, ಮಲ್ಲಯ್ಯನದು ಎಂದು ಪಕ್ಕದಲ್ಲಿದ್ದವರು ಹೇಳಿದರು. ಹಾಗಾದರೆ ಈ ಬೊಬ್ಬೆಗಳೂ ಅವನವೇ ಇರಬೇಕು.

ಗಂಟು ಭದ್ರವಾಗಿದೆ. ಎಲ್ಲರ ಹಳದಿ ಗಂಟುಗಳನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ ಟ್ರ್ಯಾಕ್ಟರಿನಲ್ಲಿ ಇಟ್ಟಿದ್ದಾರೆ. ಸುರಪುರದಿಂದ ಹೊರಟ ನಮ್ಮ ತಂಡಕ್ಕೆ ವಿಶ್ವರಾಧ್ಯರೇ ಹಿರಿಯರು. ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, ಸೀಟಿ ಈಗಲೂ ಕೊರಳಲ್ಲಿದೆ. ಎಲ್ಲರಿಗಿಂತ ಹಿಂದೆ ಬೀಳುವವಳು ನಾನು. ಬೇಡವೆಂದರೂ ನಿಲ್ಲುತ್ತೇನೆ. ಶಹಾಪುರದ ಬೆಟ್ಟಸಾಲನ್ನು ಬಸ್ಸಿನಿಂದ ಎಷ್ಟು ಸಲ ನೋಡಿದ್ದೆ. ಕಾಲ್ನಡಿಗೆಯಲ್ಲಿ ನೋಡಿದಾಗ ಅದು ನಮ್ಮ ಜತೆ ಬಹಳ ಹೊತ್ತು ಬಂತು. ನಿಂತು ನೋಡಬಾರದೇ?

ಹಿಂದೆ ಬೀಳುವವರು ಇನ್ನೊಬ್ಬರಿದ್ದಾರೆ. ದೇವಾಪುರದ ಬಸವಂತ್ರಾಯ ಎಂದು. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅವರದು. ಬಲ ಮೊಣಕಾಲು ನೋವು, ಹಾಗಾಗಿ ನಿಧಾನ. ವಿಶ್ವರಾಧ್ಯರು ಅರ್ಧ ಮೈಲಿ ಮುಂದಿನಿಂದ ಸೀಟಿ ಊದಿ ಕೂಗುತ್ತಾರೆ:

“ಪುಸ್ತಕದ ಅಕ್ಕಾರ, ಮೋಟರ್ ಅಣ್ಣಾರ, ಜರಾ ಜಲ್ದಿ ಬರ್ರಿ. ನೀವು ಬರೂದರಾಗ ಮಲ್ಲಯ್ಯ ಮುದುಕ ಆಗ್ತಾನ.”

ಭೀಮರಾಯನಗುಡಿಯಲ್ಲಿ ಕಾಲುವೆಯ ದಂಡೆಗೆ ಬೇವಿನ ನೆರಳಿತ್ತು. ನಾನು ಚೀಲದಿಂದ ಕವಿತೆಯ ಪುಸ್ತಕ ತೆಗೆದದ್ದನ್ನು ನೋಡಿ ಬಸವಂತ್ರಾಯರು ಕೇಳಿದರು:

“ಅದು ಎಲ್ಲಾ ತಿಳಿತದೇನ್ರಿ?”

“ಎಲ್ಲಾ ತಿಳಿಯಂಗಿಲ್ರಿ.”

“ತಿಳಿಲಾರದ್ದು ಯಾಕ ಓದ್ತೀರಿ?”

“ಮತ್ತೊಮ್ಮೆ ಓದಿದ್ರ ತಿಳೀತದೇನೊ ಅಂತ.”

ಸ್ವಲ್ಪ ಯೋಚಿಸಿ, “ಹಂಗಂದ್ರ ನಂದೂ ಅದ ಕೆಲಸ. ಸುಟ್ಟದ್ದು ಬಿಚ್ಚೂದು, ಎಲ್ಲಿ ಸುಟ್ಟದ ನೋಡೂದು, ಮತ್ತ ಸುತ್ತೂದು” ಎಂದರು.

ಅವರ ಮದುವೆ ಎಳೆಯ ವಯಸ್ಸಿನಲ್ಲೇ ಮುರಿದಿದೆ. ಹೆಂಡತಿ ತವರಿಗೆ ಹೋದವರು ಬರಲಿಲ್ಲ, ಮುಂದೆ ಕೋರ್ಟಿನಲ್ಲಿ ಬಿಡುಗಡೆಯಾಯಿತು. “ಆಕಿದು ತಪ್ಪಿಲ್ರಿ. ಆಗ ನಾ ಮಾತಾಡ್ತಿದ್ದಿಲ್ಲ. ಮಾತು ಕಲಿಯಾಕ ತಡಾ ಆತು” ಎಂದರು.

ಒಂದು ಸಂಗತಿ ಹೇಳದೇ ಇರಲಾರೆ. ನಿನ್ನೆ ನಡೆಯುತ್ತಿರುವಾಗ ಅವರು ಅರ್ಜುನ ಹೇಗೆ ಹೋದರು ಎಂದು ಕೇಳಲಿಲ್ಲ. ಎಲ್ಲರೂ ಕೇಳುವುದು ಅದನ್ನೇ. ಇವರು, “ಅವರಿಗಿ ಉಣ್ಣಾಕ ಏನು ಸೇರ್ತಿತ್ರಿ?” ಎಂದರು. ನಾನು ತಟ್ಟನೆ ಉತ್ತರ ಕೊಡಬೇಕಿತ್ತು. ಬಾಯಿಗೆ ಬರಲಿಲ್ಲ, ಅತ್ತೆ. ರಸ್ತೆಯ ಎರಡು ತಿರುವು ದಾಟಿದ ಮೇಲೆ ನೆನಪಾಯಿತು: ಪುಂಡಿಪಲ್ಯ, ಮೇಲೆ ಹಸಿ ಎಣ್ಣೆ. ಮರೆತಿದ್ದೆನಲ್ಲ ಎಂದು ಭಯವಾಯಿತು. ನಿಮಗಲ್ಲದೆ ಇದನ್ನು ಬೇರೆ ಯಾರಿಗೆ ಬರೆಯಲಿ?

ನಾಳೆ ಕೃಷ್ಣೆಯ ಸೇತುವೆ ದಾಟಿ ತೆಲುಗು ಸೀಮೆಗೆ ಹೋಗುತ್ತೇವೆ. ಅಲ್ಲಿಂದ ಪತ್ರ ಕಷ್ಟ.

ನಿಮ್ಮ ಸೊಸೆ,
ಉಮಾ


ಯಾದಗಿರಿ
3 ಏಪ್ರಿಲ್ 2025

ಅತ್ತೆಯವರಿಗೆ,

ಹೋಗಿ ಬಂದೆ. ನಿಮ್ಮ ಸೀರೆ ಮಗಳಿಗೆ ಮುಟ್ಟಿತು.

ನಲ್ಲಮಲ ಕಾಡಿನೊಳಕ್ಕೆ ಟ್ರ್ಯಾಕ್ಟರು ಹೋಗುವುದಿಲ್ಲ. ಕಾಡಿನ ಅಂಚಿನಲ್ಲಿ ವಿಶ್ವರಾಧ್ಯರು ಅವರವರ ಗಂಟು ಅವರವರಿಗೆ ಹಂಚಿದರು. ನಾವಿಬ್ಬರು ತಲುಪುವ ಹೊತ್ತಿಗೆ ಬುಟ್ಟಿಯಲ್ಲಿ ಎರಡೇ ಗಂಟು ಉಳಿದಿದ್ದವು. ಸೀಟಿಯೂದುತ್ತಲೇ ಒಂದನ್ನು ನನ್ನ ಕೈಗೆ, ಇನ್ನೊಂದನ್ನು ಬಸವಂತ್ರಾಯರ ಕೈಗೆ ತುರುಕಿ ಮುಂದೆ ಓಡಿದರು.

ಭೀಮನಕೊಳ್ಳದಲ್ಲಿ ದಾರಿ ಪಾತಾಳಕ್ಕೆ ಇಳಿದು ಮತ್ತೆ ಆಕಾಶಕ್ಕೆ ಏರುತ್ತದೆ. ಇಳಿದು ಮುಗಿಯುವಷ್ಟರಲ್ಲಿ ಬಸವಂತ್ರಾಯರ ಮೊಣಕಾಲು ಬಾತು ಕಲ್ಲಿನಂತಾಯಿತು. ಏರಲು ಆಗಲಿಲ್ಲ. ಸ್ವಯಂಸೇವಕರು ಡೋಲಿ ತರುತ್ತೇವೆಂದು ಹೋದರು. ತಂಡ ಮುಂದೆ ಹೋಯಿತು.

“ನೀವು ನಡೀರಿ” ಎಂದರು ಅವರು. “ಸೀರಿ ಮುಟ್ಟಬೇಕಲ್ರಿ.”

“ಸೀರಿಗಿ ಏನು ಗಡಿಬಿಡಿ ಇಲ್ರಿ.”

“ನಿಮ್ಮ ಅತ್ತಿಯೋರು ಬಯ್ತಾರ.”

“ಅವರು ಹೆಂಗಿದ್ರೂ ಬಯ್ತಾರ.”

ಮಧ್ಯಾಹ್ನವೆಲ್ಲ ಒಂದು ಬಂಡೆಯ ನೆರಳಿನಲ್ಲಿ ಕುಳಿತೆವು. ನೀರು ಸಣ್ಣಗೆ ಹರಿಯುತ್ತಿತ್ತು. ನಾನು ಒಂದು ಕವಿತೆ ಓದಿದೆ. ಮತ್ತೊಮ್ಮೆ ಓದಿ ಎಂದರು, ಓದಿದೆ. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಅರ್ಜುನ ಹೋದ ಮೇಲೆ ಹನ್ನೊಂದು ವರ್ಷ ನಾನೂ ಸುಮ್ಮನಿದ್ದೇನೆ, ಆದರೆ ಅದು ಬೇರೆ ಥರದ ಸುಮ್ಮನೆ. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಡೋಲಿ ಬಂತು. ಅವರನ್ನು ಹೊತ್ತೊಯ್ದು, ದವಾಖಾನೆಯಲ್ಲಿ ತೋರಿಸಿ ಊರಿಗೆ ಕಳಿಸಿದರಂತೆ. ಗಡಿಬಿಡಿಯಲ್ಲಿ ಅವರ ಗಂಟು ಅವರ ಜತೆಗೇ ಹೋಯಿತು, ಇಸಿದುಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಮಲ್ಲಯ್ಯನ ಹತ್ತಿರ ಬಂದೂ ಮುಖ ನೋಡಲಿಲ್ಲ ಅವರು. ನಾನೊಬ್ಬಳೇ ಕೈಲಾಸ ಬಾಗಿಲಿನ ಮೆಟ್ಟಿಲು ಏರಿದೆ. ಯಾರ ಹಿಂದೆಯೂ ಅಲ್ಲ, ಯಾರ ಮುಂದೆಯೂ ಅಲ್ಲ. ಮೇಲೆ ನಿಂತು ತಿರುಗಿ ನೋಡಿದಾಗ ದಾಟಿ ಬಂದ ಕಾಡು ಕಾಲಡಿಗಿತ್ತು. ಅತ್ತೆ, ಆ ಹೊತ್ತು ನಾನು ಜೋರಾಗಿ ನಕ್ಕೆ. ಯಾಕೆಂದು ಕೇಳಬೇಡಿ.

ದೇವಿಯ ಮುಂದೆ ಗಂಟು ಬಿಚ್ಚಿದೆ. ಹಸಿರು ಸೀರೆ, ಹಳದಿ ಅಂಚು. ನಿಮ್ಮ ಆಯ್ಕೆ ಚೆನ್ನಾಗಿತ್ತು. ಪೂಜಾರಿ ತೆಗೆದುಕೊಂಡು ಅಮ್ಮನ ಪಾದದ ಬಳಿ ಇಟ್ಟ.

ಬಸವಂತ್ರಾಯರು ಈಗ ಕೋಲು ಹಿಡಿದು ನಡೆಯುತ್ತಿದ್ದಾರೆ. ಫೋನ್ ಮಾಡಿ ಕೇಳಿದೆ. ಜತೆಗೆ ನಡೆದವರ ಕ್ಷೇಮ ಕೇಳಬೇಕಲ್ಲ.

ನಿಮ್ಮ,
ಉಮಾ


ಸುರಪುರ
9 ಏಪ್ರಿಲ್ 2025

ಉಮಾಗ,

ನಾ ಕಟ್ಟಿದ್ದು ಹಸರ ಸೀರಿ ಅಲ್ಲ. ದಾಳಿಂಬ್ರ ಬಣ್ಣದ ಇಲಕಲ್ ಸೀರಿ. ಅದರ ಮ್ಯಾಲ ಮಗಳಿಗಿ ತಿನ್ನಾಕ ಅಂತ ಒಣಗಿಸಿದ ಕಟಕ್ ರೊಟ್ಟಿ ಇಟ್ಟಿದ್ದೆ. ನೀ ಯಾರ ಮನಿ ಸೀರಿ ಕೊಟ್ಟು ಬಂದಿ? ನಮ್ಮದು ಯಾರ ಮನ್ಯಾಗದ? ಎರಡ ಗಂಟು ಉಳದಿದ್ವು ಅಂತ ನೀನ ಬರದೀದಿ. ಹಂಗಂದ್ರ ಕೇಳೂದೇನದ, ಆ ಮೋಟರಿನವನ ಮನ್ಯಾಗ ಅದ.

ಇನ್ನೊಂದು. ನಿನ್ನ ಕಾಗದದಾಗ ಮಲ್ಲಯ್ಯ ಒಂದು ಸಲ ಬಂದಾನ, ಮೊಣಕಾಲು ಹತ್ತು ಸಲ ಬಂದದ. ಜತಿಗಿ ನಡದವರ ಕ್ಷೇಮ ಕೇಳಬೇಕು ಅಂದಿ. ವಿಶ್ವರಾಧ್ಯ ನಿನ್ನ ಜತಿಗಿ ನಡದಿಲ್ಲೇನು? ಅವನ ಕ್ಷೇಮ ಕೇಳಿದ್ಯೇನು?

ನನಗ ಕಿವಿ ಕೇಳಂಗಿಲ್ಲ. ಉಳದದ್ದು ಕೇಳ್ತದ.

ಮೌನಮ್ಮ


ಸುರಪುರ
18 ಮೇ 2025

ಪ್ರೀತಿಯ ಉಮಕ್ಕಾ,

ಈ ಪತ್ರ ನನ್ನದು. ಮೌನಮ್ಮ ಆಯಿ ಹೇಳಿ ಬರೆಸಿದ್ದಲ್ಲ. ಅವಳು ಈಗ ಏನೂ ಬರೆಸುವುದಿಲ್ಲ.

ಮೊನ್ನೆ ನಾನು ಅಮ್ಮಿಯ ಪಕ್ಕ ಹೊಲಿಗೆ ಹಿಡಿದು ಕುಳಿತಿದ್ದೆ. ಆಯಿ ಒಲೆಯ ಮುಂದಿದ್ದಳು. ಒಬ್ಬರು ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು. ತಲೆಯ ಮೇಲೆ ಹಳದಿ ಗಂಟು.

“ಯಾರಪಾ ನೀ?” ಎಂದಳು ಆಯಿ.

“ದೇವಾಪುರದ ಬಸವಂತ್ರಾಯ್ರಿ. ನಿಮ್ಮ ಮಗಳ ಸೀರಿ ನನ್ನ ಕಡಿ ಬಂದಿತ್ರಿ.”

“ಯಾರದು?”

“ಮಗಳ ಸೀರಿ ರೀ.”

“ಜೋರ ಹೇಳು.”

“ನಿಮ್ಮ ಮಗಳ ಸೀರಿ ತಂದೀನ್ರಿ” ಎಂದು ಆ ಮನುಷ್ಯ ಇಡೀ ಓಣಿಗೆ ಕೇಳುವಂತೆ ಕೂಗಿದರು. ಎಲ್ಲರ ಮನೆಯ ಬಾಗಿಲೂ ತೆರೆಯಿತು. ಎದುರು ಮನೆಯ ಮಲ್ಲಾಬಾಯಿ ಕಟ್ಟೆಗೇ ಬಂದು ಕುಳಿತಳು.

ಗಂಟು ಬಿಚ್ಚಿ ಆಯಿ ಸೀರೆ ನೋಡಿದಳು, ಬಳೆ ನೋಡಿದಳು. “ರೊಟ್ಟಿ?” ಎಂದಳು.

“ಸೀರಿ ನಮ್ಮ ಅಣ್ಣನ ಹೆಂಡತಿ, ನಮ್ಮ ವೈನಿ ಕಟ್ಟಿದ್ದಲ್ಲ ಅಂತ ತಿಳೀತ್ರಿ, ಯಾರದಂತ ತಿಳೀಲಿಲ್ಲ. ರೊಟ್ಟಿ ಒಂದ ತುಂಡ ತಿಂದ ಮ್ಯಾಲ ಗೊತ್ತಾತ್ರಿ. ಉಮಾ ಅವ್ರು ದಾರ್‍ಯಾಗ ಕೊಟ್ಟಿದ್ರು ಇದ ರೊಟ್ಟಿ. ಮೊಣಕಾಲು ಬಿಡಲಿಲ್ಲ, ತರೂದು ತಡಾ ಆತ್ರಿ.”

“ಒಂದ ತುಂಡ?”

ಅವರು ತಲೆ ತಗ್ಗಿಸಿದರು. “ಎಲ್ಲಾ ತಿಂದೀನ್ರಿ.”

ಅಕ್ಕಾ, ಆಯಿ ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಕೂರಿಸಿ ಬಿಸಿ ರೊಟ್ಟಿ ಬಡಿಸಿದಳು. ಅವರು ಉಂಡು ಕೈ ತೊಳೆಯುವವರೆಗೆ ಕಾಯ್ದು, “ಉಮಾ ನಿನಗ ಏನಾಗಬೇಕು?” ಎಂದಳು.

ಅವರು ಗೋಡೆಗೆ ಒರಗಿಸಿದ್ದ ಕೋಲು ಕೈಗೆ ತೆಗೆದುಕೊಂಡರು. ಆಮೇಲೆ, “ಅವರು ಏನಂತಾರೊ ಅದು ರೀ” ಎಂದರು, ಈ ಸಲ ಕೂಗದೆ. ಆಯಿಗೆ ಅದು ಹೇಗೆ ಕೇಳಿಸಿತೋ. ಹೊತ್ತಿನ್ನೂ ಇತ್ತು, ಹಿಟ್ಟು ಅರ್ಧ ಉಳಿದಿತ್ತು. ಆದರೂ ಒಲೆಗೆ ನೀರು ಚಿಮುಕಿಸಿ ಒಳಗೆ ಹೋದಳು.

ಆ ದಿನದಿಂದ ಸೀರೆ ಪಡಸಾಲೆಯಲ್ಲಿ ಬಟ್ಟೆ ಹಾಕುವ ಗಳದ ಮೇಲಿದೆ. ಮಗಳ ಹೆಸರಿನಲ್ಲಿ ಹೊರಗೆ ತೆಗೆದದ್ದನ್ನು ತಿರುಗಿ ಪೆಟ್ಟಿಗೆಗೆ ಹಾಕುವಂತಿಲ್ಲವಂತೆ. ಬರುವ ವರ್ಷ ಕಳಿಸು ಎಂದೆ. “ಮಗಳಿಗಿ ಹಳೀ ಸೀರಿ ಕೊಡ್ತಾರೇನ?” ಎಂದಳು. ನೀನೇ ಉಟ್ಟುಕೋ ಎಂದೆ. ಲಟ್ಟಣಿಗೆ ಎತ್ತಿದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಆ ಸೀರೆಯ ಕಡೆ ನೋಡುತ್ತಾಳೆ.

ನೀವು ಅವಳಿಗೆ ಬರೆಯಿರಿ. ಅವಳ ಕಿವಿಯ ಹತ್ತಿರ ಕುಳಿತು ಓದಿ ಹೇಳುವ ಕೆಲಸ ನನ್ನದು.

ನಿಮ್ಮ ತಂಗಿ,
ಅರ್ಜುಮಂದ


ಯಾದಗಿರಿ
6 ಜುಲೈ 2025

ಅತ್ತೆಯವರಿಗೆ,

ಜೂನ್‌ನಲ್ಲಿ ಮನೆಗೆ ಬಂದಿದ್ದೆ. ಹೇಳಬೇಕೆಂದೇ ಬಂದಿದ್ದೆ. ನೀವು ಜೋಳದ ಬೆಲೆಯ ಮಾತಾಡಿದಿರಿ, ಗಳದ ಕಡೆಗೆ ಬೆನ್ನು ಹಾಕಿ ಕುಳಿತಿರಿ. ನಾನು ಹೇಳಬೇಕೆಂದರೆ ಕೂಗಿ ಹೇಳಬೇಕಿತ್ತು. ಇಂಥ ಮಾತನ್ನು ಕೂಗುವುದು ಹೇಗೆ? ಬಸ್ಸು ಹತ್ತಿ ಬಂದುಬಿಟ್ಟೆ.

ಈಗ ಬರೆಯುತ್ತೇನೆ. ಬಸವಂತ್ರಾಯರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು. ಅವರು ಪ್ರತಿ ಭಾನುವಾರ ಯಾದಗಿರಿಗೆ ಬರುತ್ತಾರೆ, ಸಂಜೆ ಬೆಟ್ಟದ ಕೋಟೆಯ ಸುತ್ತ ನಡೆಯುತ್ತೇವೆ, ಅವರ ಮೊಣಕಾಲಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ. ಇದೆಲ್ಲ ನಿಮಗೆ ಯಾರೋ ಹೇಳಿಯೇ ಇರುತ್ತಾರೆ. ನಾನು ಹೂಂ ಅಂದೆ. ಯೋಚಿಸಿ ಹೇಳುತ್ತೇನೆ ಎನ್ನಬೇಕೆಂದು ಬಾಯಿ ತೆರೆದೆ, ಹೂಂ ಎಂದೇ ಬಂತು.

ಆಮೇಲೆ ಅವರು ತಮ್ಮನ್ನು ಸಾಕಿ ಬೆಳೆಸಿದ ಅಣ್ಣ ಮರಿಲಿಂಗಪ್ಪನವರಿಗೆ ತಿಳಿಸಿದರು. ಅಣ್ಣನವರು ಬೇಡ ಅನ್ನಲಿಲ್ಲ. ಆದರೆ ಮಂದಿಯಲ್ಲಿ ನಡೆದು ಬಂದಂತೆ ಉಡಿಕಿ ಆಗಲಿ ಎಂದರು. ಗಂಡ ಸತ್ತವಳ ಎರಡನೆಯ ಮದುವೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಊರು ಮಲಗಿದ ಮೇಲೆ, ದೀಪ ತಗ್ಗಿಸಿ, ಹಿತ್ತಲ ಬಾಗಿಲಿನಿಂದ ಕರೆತರುವುದು. ವಾದ್ಯವಿಲ್ಲ. ಮುತ್ತೈದೆಯರು ಎದುರು ಬರುವಂತಿಲ್ಲ. ಆ ಮೇಲೆ ಅವಳು ಮೊದಲ ಗಂಡನ ಮನೆಯ ಹೊಸ್ತಿಲು ತುಳಿಯುವಂತಿಲ್ಲ.

ಕತ್ತಲೆಯನ್ನು ಹೇಗೋ ಸಹಿಸುತ್ತಿದ್ದೆ. ಕೊನೆಯ ಮಾತು ನನ್ನಿಂದಾಗಲಿಲ್ಲ. ಅರ್ಜುನ ಹೋದ ರಾತ್ರಿ ನನ್ನನ್ನು ತವರಿಗೆ ಕರೆದೊಯ್ಯಲು ಬಂದವರಿಗೆ ನೀವು, “ಆಕಿ ಇಲ್ಲೇ ಇರ್ತಾಳ” ಎಂದು ಬಾಗಿಲಿಗೆ ಅಡ್ಡ ನಿಂತಿದ್ದಿರಿ. ಆ ಬಾಗಿಲನ್ನು ನಾನು ಬಿಡುವುದಿಲ್ಲ. ಬಸವಂತ್ರಾಯರಿಗೆ ಬೇಡ ಎಂದು ಹೇಳಿದ್ದೇನೆ. ರಿಜಿಸ್ಟರ್ ಆಫೀಸಿಗೆ ಹೋಗೋಣ, ಅಣ್ಣನನ್ನು ಎದುರಿಸುತ್ತೇನೆ ಎಂದರು. ಒಂದು ಮನೆ ಒಡೆದು ಇನ್ನೊಂದು ಕಟ್ಟುವುದು ನನಗೆ ಬೇಡವೆಂದೆ. ಅವರು ಸಿಟ್ಟಾಗಲಿಲ್ಲ. “ಕಾಯ್ತೀನ್ರಿ. ನನಗ ಹಿಂದ ಬಿದ್ದು ರೂಢಿ ಅದ” ಎಂದರು.

ಹೋದ ಭಾನುವಾರ ಒಬ್ಬಳೇ ಕೋಟೆಯವರೆಗೆ ನಡೆದೆ. ಬಹಳ ಬೇಗ ತಲುಪಿಬಿಟ್ಟೆ.

ನೀವು ಸಿಟ್ಟಾಗಿದ್ದರೆ ಸಿಟ್ಟನ್ನೇ ಬರೆಸಿ ಕಳಿಸಿ. ಕಾಗದವಿಲ್ಲದ ರೊಟ್ಟಿ ಗಂಟು ಮಾತ್ರ ಕಳಿಸಬೇಡಿ.

ಉಮಾ


ಸುರಪುರ
12 ಆಗಸ್ಟ್ 2025

ಉಮಾಗ ಮೌನಮ್ಮ ಹೇಳಿ ಬರಸಿದ್ದು. ಅರ್ಜುಮಂದಗ ಹೇಳೀನಿ, ಒಂದು ಅಕ್ಷರ ಬಿಡಬಾರದು, ಒಂದು ತನ್ನದು ಸೇರಿಸಬಾರದು.

ನನಗ ಸಿಟ್ಟು ಬಂದಿತ್ತು. ಖರೇನ ಬಂದಿತ್ತು. ನನ್ನ ಮಗನ ಜಾಗಾದಾಗ ಇನ್ನೊಬ್ಬ ಬಂದು ಕುಂತು ಉಣ್ಣಾಕತ್ತಾನ ಅನಿಸ್ತು. ಅದೂ ನಾನ ಬಡಿಸಿದ್ದು. ಆವತ್ತು ಒಳಗ ಹೋಗಿ ಅತ್ತೀನಿ. ಅರ್ಜುನಗ ಏನು ಸೇರ್ತಿತ್ತು ಅಂತ ನೆನಸಾಕ ನಿನಗ ಹೊತ್ತಾತು ಅಂತ ಬರದಿದ್ದಿ. ಭಯ ಆತು ಅಂದಿದ್ದಿ. ನನಗೂ ಹೊತ್ತಾಗ್ತದ ಉಮಾ. ಒಮ್ಮೊಮ್ಮೆ ಅವನ ದನಿ ಹೆಂಗಿತ್ತು ಅಂತನೂ ಸಿಗಂಗಿಲ್ಲ. ಹೆತ್ತಾಕಿಗೇ ಹಂಗಾದ್ರ ನಿನ್ನ ಏನು ಅನ್ನಲಿ?

ಆ ಸೀರಿ ಗಳದ ಮ್ಯಾಲ ಕುಂತು ದಿನಾ ನನ್ನ ನೋಡ್ತದ. ಹಿಂದಿಂದು ಒಂದು ಹೇಳ್ತೀನಿ, ಯಾರಿಗೂ ಹೇಳಿಲ್ಲ. ನಿಮ್ಮ ಮಾವ ತೀರಿದಾಗ ಅರ್ಜುನ ಸಣ್ಣಾಂವ, ನನಗಿನ್ನೂ ಮೂವತ್ತು ದಾಟಿದ್ದಿಲ್ಲ. ಹೊಳಿ ದಂಡಿಗಿ ದೋಣಿ ನಡಸಾಂವ ಒಬ್ಬ ಕೇಳಿದ. ಚೊಲೊ ಮನಿಶಾ. ಮಂದಿ ಉಡಿಕಿ ಅಂದ್ರು. ನಾ ಒಲ್ಲೆ ಅಂದೆ. ಮಗನ ಸಲುವಾಗಿ ಒಲ್ಲೆ ಅಂದ್ಲು ಅಂತ ಎಲ್ಲಾರೂ ಹೊಗಳಿದ್ರು. ನಾನೂ ಹೌದು ಅಂದೆ. ಖರೇ ಅದಲ್ಲ. ಮನಸ್ಸಿತ್ತು. ಕತ್ತಲಾಗಿನ ಉಡಿಕಿ ಒಲ್ಲೆ ಅಂದಿದ್ದೆ, ಅಷ್ಟ. ಹಗಲಿನಾಗ ಬಾ ಅಂತ ಒಬ್ಬರೂ ಕರೀಲಿಲ್ಲ.

ನಿನ್ನ ಕಾಗದ ಮತ್ತ ಮತ್ತ ಓದಿಸಿ ಕೇಳಿ, ನಿನ್ನಿ ರೊಟ್ಟಿ ಕೆಲಸ ಗೌಹರಬೇಗಂಗ ಬಿಟ್ಟು, ಅರ್ಜುಮಂದನ್ನ ಕರಕೊಂಡು ದೇವಾಪುರಕ್ಕ ಹೋಗಿದ್ದೆ. ಮರಿಲಿಂಗಪ್ಪ ಕಟ್ಟಿ ಮ್ಯಾಲ ಕುಂತಿದ್ದ. ನಾ ಯಾರಂತ ಹೇಳಿದ ಮ್ಯಾಲ ಎದ್ದು ನಿಂತ. ಅವನ ಮಾತು ಅರ್ಜುಮಂದ ನನ್ನ ಕಿವ್ಯಾಗ ಹೇಳ್ತಿದ್ಲು.

“ಹುಡುಗಿ ಅತ್ತಿಯೋರು ನೀವ ಬಂದ್ರ ಹೆಂಗ್ರಿ?” ಅಂದ.

“ಅತ್ತಿ ಅಲ್ಲ, ತವರಮನಿ ಮಂದಿ ಅಂತ ಬಂದೀನಿ. ಹೆಣ್ಣು ನಮ್ಮದು. ಲಗ್ನ ಹಗಲಿನಾಗ ಆಗಬೇಕು” ಅಂದೆ.

“ಹಗಲಿನಾಗ ಮಾಡಿದ್ರ ಊರ ಮಂದಿ ನೋಡ್ತಾರ್‍ರಿ.”

“ನೋಡಲಿ ಅಂತನ ಮಾಡಾಕತ್ತೇನಿ. ಕತ್ತಲಾಗ ಸಾಗಸಾಕ ಆಕಿ ಏನು ಕದ್ದ ಮಾಲೇನು?”

“ಮುಂದ ನಿಮ್ಮ ಮನಿಗಿ ಬರೂದು…”

“ಮಗಳು ತವರಿಗಿ ಬರಂಗಿಲ್ಲೇನು? ಯುಗಾದಿ ಮುಂದ ಊರ ಊರ ನಡಕೋಂತ ಶ್ರೀಶೈಲದ ಮಗಳಿಗಿ ಸೀರಿ ಒಯ್ಯಾವ್ರು ನಾವು. ಸುರಪುರದ ಮಗಳಿಗಿ ಬಾಗಲಾ ಹಾಕ್ತೇವೇನು?”

ಅವನ ಹೆಂಡತಿ ಒಳಗಿಂದ ನಗಾಕತ್ತಿದ್ಲು. ಅಷ್ಟರಾಗ ಆಕಿ ನಮ್ಮ ಕಡಿ ಆಗಿದ್ಲು. ಹಸರ ಸೀರಿ ಆಕೀನ ಆರಿಸಿದ್ದಂತ, ದೇವಿಗಿ ನೀ ಮುಟ್ಟಿಸಿದ್ದಕ್ಕ ಖುಷಿ ಆಗ್ಯಾಳ. ಮರಿಲಿಂಗಪ್ಪ ಬಾಳ ಹೊತ್ತು ಮೀಸಿ ತಿರುವಿದ. ಆಮ್ಯಾಲ, “ಆತ್ರಿ. ಹಗಲಿನಾಗ ಆಗಲಿ. ಆದ್ರ ಜವಾರಿ ರೊಟ್ಟಿ ನೀವ ಮಾಡಬೇಕು” ಅಂದ. ಅವನ ತಮ್ಮ ಬಸವಂತ್ರಾಯ ಅಂಗಡ್ಯಾಗ ಕುಂತು ತಂತಿ ಸುತ್ತಾಕತ್ತಿದ್ದ. ಸುದ್ದಿ ಹೇಳಿದ್ರ ಮಾತು ಬರವಲ್ದು. ಇವನ ಮಾತು ಕಲ್ತಾಂವ?

ದಾಳಿಂಬ್ರ ಸೀರಿ ಮಗಳಿಗಿ ಅಂತ ತಗದದ್ದು. ಮಗಳಿಗೇ ಹೋಗ್ತದ. ಅದನ್ನ ಉಟ್ಟು ನೀ ಮುಂಬಾಗಲಿನಿಂದ ಹೊರಗ ಬರಬೇಕು, ನಾ ಉಡಿ ತುಂಬತೀನಿ. ರಂಡಮುಂಡಿ ಉಡಿ ತುಂಬಬಾರದು ಅನ್ನಾವರು ರೊಟ್ಟಿ ಉಣ್ಣದ ಹೋಗಲಿ.

ಇನ್ನ ಅತ್ತಿ ಅನ್ನಬೇಕೊ ಅವ್ವಾ ಅನ್ನಬೇಕೊ ಅಂತ ಫಿಕರ ಮಾಡಬ್ಯಾಡ. ನೀ ಮಗಳಾದ್ರ ಅವಗ ನಾ ಅತ್ತಿ. ನಿನಗ ಮೊದಲಿಂದ ಅತ್ತಿ. ಇಬ್ಬರೂ ಅತ್ತಿ ಅನ್ನರಿ, ಹೆಸರ ಬದಲಿ ಮಾಡೂ ತ್ರಾಸ ಇಲ್ಲ.

ಭಾನುವಾರ ಒಬ್ಬಾಕೀನ ನಡೀಬ್ಯಾಡ.

ಮೌನಮ್ಮ

(ಅಕ್ಕಾ, ಏನೂ ಸೇರಿಸಬಾರದು ಎಂದಿದ್ದಾಳೆ. ಸೇರಿಸಿಲ್ಲ. ದೋಣಿಯವನ ಮಾತು ಹೇಳುವಾಗ ಒಮ್ಮೆ ನಿಲ್ಲಿಸಿ ಸೀರೆಯ ಧೂಳು ಕೊಡವಿ ಬಂದು ಕುಳಿತಳು. ಅ.)


ದೇವಾಪುರ
26 ನವೆಂಬರ್ 2025

ಅತ್ತೆ,

ಮೂರು ದಿನದ ಹಿಂದೆ ನೀವೇ ಎದುರಿಗಿದ್ದಿರಿ. ಎಲ್ಲ ನೋಡಿದವರಿಗೆ ಏನು ಬರೆಯುವುದು ಎಂದು ಇವರು ಕೇಳುತ್ತಿದ್ದಾರೆ. ಎದುರಿಗಿದ್ದಾಗ ನಾವಿಬ್ಬರೂ ರೊಟ್ಟಿಯ ಮಾತೇ ಆಡುತ್ತೇವೆ, ಅದಕ್ಕೇ ಬರೆಯಬೇಕು ಎಂದೆ.

ನಡುಮಧ್ಯಾಹ್ನ. ನೆರಳು ಕೂಡ ಕಾಲ ಕೆಳಗೆ ಅಡಗಿದ್ದ ಹೊತ್ತು. ಗೌಹರಬೇಗಂ ನನ್ನ ಕೈಗೆ ಬಳೆ ತೊಡಿಸುತ್ತ, “ಸೈಜ್ ಬರೋಬ್ಬರಿ ಅದ ನೋಡು, ದೇವಿ ಕೈಯೂ ನಿನ್ನ ಕೈಯೂ ಒಂದ ಅಳತಿ” ಎಂದು ರೇಗಿಸಿದರು. ಅರ್ಜುಮಂದ ನೆರಿಗೆ ಹಿಡಿದು ಕೊಟ್ಟಳು. ನಲ್ಲಮಲ ಕಾಡು ದಾಟಿದವಳಿಗೆ ಪಡಸಾಲೆ ದಾಟುವುದು ಕಷ್ಟವಾಯಿತು. ಹೊರಗೆ ಮಲ್ಲಾಬಾಯಿಯ ಮಾತು ಕೇಳಿಸುತ್ತಿತ್ತು: “ಯವ್ವಾ, ಸೊಸೀನ್ನ ಅತ್ತೀನ ಕೊಡೂದು ಎಲ್ಲೆರ ಕಂಡೀರೇನು?” ಆದರೆ ಆಕೆ ಮನೆಗೆ ಹೋಗಲಿಲ್ಲ, ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಳು.

ನಾನು ಹೊಸ್ತಿಲಿಗೆ ಬಂದಾಗ ಸಿಕಂದರನ ಬ್ಯಾಂಡಿನವರು ಬಾರಿಸುತ್ತಲೇ ಇದ್ದರು. ನೀವು ಅವರ ಕಡೆ ತಿರುಗಿ, “ಇನ್ನೂ ಶುರು ಮಾಡಿಲ್ಲೇನಪಾ?” ಎಂದಿರಿ.

“ಬಾರಸಾಕತ್ತೇವಿ ಆಯಿ.”

“ನನಗ ಕೇಳಾಕತ್ತಿಲ್ಲ. ನನಗ ಕೇಳೂ ಮಟಾ ಆಕಿ ಹೊಸ್ತಿಲಾ ದಾಟಂಗಿಲ್ಲ.”

ಸಿಕಂದರ ನಕ್ಕ. ದೊಡ್ಡ ಡೋಲು ಕೊರಳಿಗೆ ಹಾಕಿಕೊಂಡು ನಿಮ್ಮ ಎದುರಿಗೇ ಬಂದು ನಿಂತ. ಎರಡೂ ಕೈಯಿಂದ ಹೊಡೆದ. ಗೂಡಿನ ಮೇಲಿನ ತಾಟುಗಳು ಅದುರಿ ಕೆಳಗೆ ಬಿದ್ದವು. ಓಣಿಯ ನಾಯಿಗಳು ಓಡಿದವು. ರಸ್ತೆಯಲ್ಲಿ ಯಾದಗಿರಿ ಬಸ್ಸು ನಿಂತಿತು, ಖಾಜಾಹುಸೇನ ಇಳಿದು ಬಂದ, ಕಿಟಕಿಗಳ ತುಂಬ ಮುಖಗಳು. ವಿಶ್ವರಾಧ್ಯರು ಸೀಟಿ ಊದಿದರು, ಅದು ಯಾರಿಗೂ ಕೇಳಿಸಲಿಲ್ಲ. ಕೋಲು ಬಿಟ್ಟು ನಿಂತಿದ್ದ ಇವರು ನನ್ನನ್ನೇ ನೋಡುತ್ತಿದ್ದರು. ಮರಿಲಿಂಗಪ್ಪನವರು ಮೀಸೆ ತಿರುವುವುದು ಬಿಟ್ಟು ತಾಳ ಹಾಕುತ್ತಿದ್ದರು. ನೀವು ಮಾತ್ರ ಕಣ್ಣು ಮುಚ್ಚಿ, ಅಂಗೈಯನ್ನು ಡೋಲಿನ ಚರ್ಮದ ಅಂಚಿಗೆ ಇಟ್ಟು ನಿಂತಿದ್ದಿರಿ. ನಿಮ್ಮ ಮುಖ ನಿಧಾನವಾಗಿ ಬೆಳಗಿತು.

“ಈಗ ಕೇಳ್ತು” ಎಂದಿರಿ. “ದಾಟು.”

ಆ ಡೋಲು ನಿಮ್ಮದೂ ಆಗಿತ್ತು ಎಂದು ನನಗೆ ಗೊತ್ತು. ಅಂದು ನೀವು ಉಡಿ ತುಂಬಿದಾಗ ಅಕ್ಕಿಯ ಒಂದು ಕಾಳೂ ಕೆಳಗೆ ಬೀಳಲಿಲ್ಲ.

ಇಲ್ಲಿ ವೈನಿಯವರು ನನ್ನನ್ನು ಅಡುಗೆಮನೆಗೆ ಬಿಡುತ್ತಿಲ್ಲ, ರೊಟ್ಟಿ ತಟ್ಟಿ ತೋರಿಸಿದ್ದಕ್ಕೆ “ಸುರಪುರದಾಕಿ ಅಂತ ಹೇಳಬ್ಯಾಡ ಯವ್ವಾ, ನಿಮ್ಮ ಅತ್ತಿ ಹೆಸರು ಕೆಡ್ತದ” ಎಂದರು. ಅಂಗಡಿಯ ಮೂಲೆಯಲ್ಲಿ, ತಂತಿಯ ಉಂಡೆಗಳ ಪಕ್ಕ, ಇವರು ನನ್ನ ಪುಸ್ತಕಗಳಿಗೆ ಹಲಗೆ ಹೊಡೆದಿದ್ದಾರೆ. ಮೋಟರು ತರುವ ರೈತರು ಕಾಯುವ ಹೊತ್ತಿನಲ್ಲಿ ಅವನ್ನು ಓದುತ್ತಾರೆ. ಒಬ್ಬರು ನಿನ್ನೆ ಒಂದನ್ನು ಮನೆಗೇ ಒಯ್ದರು.

ಶನಿವಾರ ಇಬ್ಬರೂ ಬರುತ್ತೇವೆ, ಮುಂಬಾಗಿಲಿಗೆ.

ಮಾರ್ಚ್‌ನಲ್ಲಿ ಪಾದಯಾತ್ರೆಗೆ ಹೆಸರು ಕೊಟ್ಟಿದ್ದೇವೆ. ಇವರ ಮೊಣಕಾಲು ಭೀಮನಕೊಳ್ಳ ಏರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಏರದಿದ್ದರೆ ಬಂಡೆಯ ನೆರಳು ಅಲ್ಲಿಯೇ ಇದೆ. ಶ್ರೀಶೈಲದ ಮಗಳಿಗೆ ಹೊಸ ಸೀರೆ ತೆಗೆಯಿರಿ. ಗಂಟಿಗೆ ನಮ್ಮ ಹೆಸರು ಹೊಲಿಯಲು ಅರ್ಜುಮಂದಳಿಗೆ ಹೇಳಿ. ರೊಟ್ಟಿ ಮಾತ್ರ ಬೇರೆ ಕಟ್ಟಿ, ಹೆಚ್ಚಾಗಿ ಕಟ್ಟಿ. ದಾರಿಯಲ್ಲೇ ಎಲ್ಲ ತಿನ್ನುವವರು ನನ್ನ ಜತೆಗಿರುತ್ತಾರೆ.

ನಿಮ್ಮ ಮಗಳು,
ಉಮಾ